ತಿರುಗಿ ಬಂದ ಹಿಡಿ ಅಕ್ಕಿ

ವಿಜ್ಞಾನ ಪಾಠ ಮಾಡುವವಳು ನಾನು. ದೆವ್ವ, ಗಾಳಿ ಎಂದು ಯಾರಾದರೂ ಶುರು ಮಾಡಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಜಹೀರಾಬಾದಿನ ನಮ್ಮ ಶಾಲೆಯಲ್ಲಿ ಅಂಥ ಕಥೆ ಹೇಳುವವರ ಬಾಯಿ ಮುಚ್ಚಿಸುವುದು ನನ್ನದೇ ಕೆಲಸವಾಗಿತ್ತು. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ. ನಂಬಿ ಎಂದು ಒತ್ತಾಯವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ತಂಗಿ ಸುಜಾತಾಳಿಗೆ ಎಂಟನೇ ತಿಂಗಳು. ಮೊದಲೆರಡು ಬಸಿರು ನಿಂತಿರಲಿಲ್ಲ. ಈ ಸಲವೂ ಕೂಸಿನ ಅಲುಗಾಟ ಕಡಿಮೆಯಾಗಿದೆ ಎಂದು ಅವಳನ್ನು ನಾರಾಯಣಖೇಡದಿಂದ ಹೈದರಾಬಾದಿಗೆ ಕರೆದೊಯ್ದೆವು. ಎದೆಬಡಿತ ಸಣ್ಣಗಿದೆ, ಇಂಜೆಕ್ಷನ್ ಕೊಟ್ಟಿದ್ದೇವೆ, ಬೆಳಿಗ್ಗೆ ನೋಡಿ ಆಪರೇಷನ್ ಮಾಡೋಣ, ಆದರೆ ಭರವಸೆ ಕೊಡಲಾರೆವು ಎಂದರು ಡಾಕ್ಟರು. ತಂಗಿಯ ಗಂಡ ಅಲ್ಲಿ ಕೆರೆ ದಂಡೆಯ ದೊಡ್ಡ ಹೋಟೆಲೊಂದರ ಅಕೌಂಟ್ಸ್ ವಿಭಾಗದಲ್ಲಿದ್ದ. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿಲ್ಲದ್ದರಿಂದ ಆ ರಾತ್ರಿಗೆ ತಂಗಿಗೆ, ಅವ್ವನಿಗೆ, ನನಗೆ ಅಲ್ಲೇ ರೂಮು ಕೊಡಿಸಿದ.

ಗೋಡೆಯಗಲದ ಗಾಜು, ಅದರಾಚೆ ನೀರು, ಕಾಲು ಹೂತುಹೋಗುವ ಕಾರ್ಪೆಟ್ಟು. ಅವ್ವ ಬಿಳಿ ಹಾಸಿಗೆ ಕೊಳೆಯಾದೀತೆಂದು ನೆಲದ ಮೇಲೇ ಕೂತಳು. ತಂಗಿಯ ಉಡಿ ತುಂಬಲೆಂದು ತನ್ನೂರು ಸಿರ್ಗಾಪುರದಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಕುಪ್ಪಸಕ್ಕೊಂದು ಹಸಿರು ಖಣ ತಂದಿದ್ದಳು. ಅಂಗಡಿಯವನು ಖಣದ ಮೂಲೆಯನ್ನು ಸೊಟ್ಟಗೆ ಕತ್ತರಿಸಿದ್ದನೆಂದು ದಾರಿಯುದ್ದಕ್ಕೂ ಅವನಿಗೆ ಬೈಗುಳ.

ದೀಪ ಹಚ್ಚುವ ಹೊತ್ತಿಗೆ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಒಬ್ಬ ತುಂಬು ಬಸುರಿ. ಸೀರೆಯ ಅಂಚು ಒದ್ದೆಯಾಗಿತ್ತು. ಈಜುಕೊಳದ ಕಡೆಯಿಂದ ಬಂದಿರಬೇಕು ಅಂದುಕೊಂಡೆ.

“ನಮ್ಮ ಕಡೀ ಮಾತು ಕೇಳಿಸ್ತರಿ, ಅದಕ್ಕ ಬಂದೆ. ನಾ ಯಾಲಾಲದಾಕಿ,” ಎಂದಳು.

ಅವ್ವನಿಗೆ ಅಷ್ಟೇ ಸಾಕಾಯಿತು. “ಬಸುರಿ ಹೆಣ್ಮಗಳು ಬಾಗಲಿಗಿ ಬಂದಾಳ. ಖಾಲಿ ಉಡಿಲೆ ಹ್ಯಾಂಗ ಕಳಸೂದು?” ಎಂದು, ನಾನು ಕಣ್ಸನ್ನೆಯಲ್ಲಿ ಬೇಡ ಬೇಡ ಎನ್ನುತ್ತಿದ್ದರೂ, ತಂಗಿಗೆಂದು ತಂದದ್ದನ್ನೆಲ್ಲ ಅವಳ ಸೆರಗಿಗೆ ಸುರಿದಳು. ಉಡಿ ತುಂಬಿಸಿಕೊಂಡವಳು ಅದರಿಂದ ಒಂದು ಹಿಡಿ ಅಕ್ಕಿ ತಿರುಗಿ ಕೊಡುವುದು ನಮ್ಮಲ್ಲಿ ರೂಢಿ; ಕೊಟ್ಟವರ ಮನೆ ಬರಿದಾಗಬಾರದೆಂದು. ಅವಳೂ ಕೊಟ್ಟಳು. ಮಲಗಿದ್ದ ತಂಗಿಯನ್ನು ಬಹಳ ಹೊತ್ತು ನೋಡಿದಳು.

“ನಿಂದು ಉಳೀತದ, ತಂಗಿ,” ಎಂದು ಹೇಳಿ ಹೋದಳು.

ಆ ಹಿಡಿ ಅಕ್ಕಿಯನ್ನೇ ಅವ್ವ ತಂಗಿಯ ಉಡಿಗೆ ಹಾಕಿದಳು. ಬೇರೆ ಏನು ಉಳಿದಿತ್ತು? ಒಂದೆರಡು ಕಾಳು ಕೆಳಗೆ ಬಿದ್ದವು. ಎತ್ತಿಕೊಂಡರೆ ತಣ್ಣಗೆ ಒದ್ದೆಯಾಗಿದ್ದವು.

ಬೆಳಿಗ್ಗೆ ತಂಗಿಯನ್ನು ಕಾರಿನಲ್ಲಿ ಕೂರಿಸುವಾಗ ಹೋಟೆಲಿನೆದುರು ದಂಡೆಯ ಮೇಲೆ ಜನ ಸೇರಿತ್ತು. ಅವ್ವನೂ ನಾನೂ ಹೋಗಿ ನೋಡಿದೆವು. ನೀರಿನಿಂದ ಹೆಂಗಸಿನ ಹೆಣ ತೆಗೆದಿದ್ದರು. ಬಸುರಿ. ಮುಖ ಗುರುತು ಹತ್ತುವಂತಿರಲಿಲ್ಲ. ನೀರಿಗೆ ಬಿದ್ದು ಎರಡು ಮೂರು ದಿನವಾದರೂ ಆಗಿದೆ ಎಂದು ಪೊಲೀಸನೊಬ್ಬ ತೆಲುಗಿನಲ್ಲಿ ಹೇಳುತ್ತ ಅವಳ ಸೆರಗಿನ ಗಂಟು ಬಿಚ್ಚಿದ. ಉಬ್ಬಿದ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಮೂಲೆ ಸೊಟ್ಟಗಿದ್ದ ಹಸಿರು ಖಣ.

ಅವ್ವ ನನ್ನ ಕೈ ಹಿಡಿದೆಳೆದುಕೊಂಡು ಕಾರಿನ ಕಡೆ ನಡೆದಳು. ತಂಗಿಗೆ ನಾವು ಏನನ್ನೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

ಆಸ್ಪತ್ರೆಯಲ್ಲಿ ಕೂಸಿನ ಎದೆಬಡಿತ ಗಟ್ಟಿಯಾಗಿತ್ತು. ಅಂದೇ ಹೆಣ್ಣು ಕೂಸು ಹುಟ್ಟಿತು, ಆಸ್ಪತ್ರೆಯೆಲ್ಲ ಕೇಳುವಂತೆ ಅತ್ತಿತು. ಇಂಜೆಕ್ಷನ್ ಹಿಡಿಯಿತು ಎಂದರು ಡಾಕ್ಟರು. ಇರಬಹುದು, ನಾನೂ ಹಾಗೆಂದೇ ನಂಬಬೇಕೆಂದಿದ್ದೇನೆ. ಆದರೆ ಸಂಜೆ ಕೊಟ್ಟ ಖಣ ಎರಡು ದಿನದ ಹಿಂದೆ ಸತ್ತವಳ ಸೆರಗಿಗೆ ಹೇಗೆ ಹೋಯಿತು? ಯಾಲಾಲದಲ್ಲಿ ವಿಚಾರಿಸಿದೆವು. ಅಂಥ ಹೆಂಗಸು ಕಾಣೆಯಾದ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

ಅಂದು ನರ್ಸು ಕೂಸನ್ನು ಕೊಡಲು ಬಂದಾಗ ಅವ್ವ ಕೈ ಹಿಂದಕ್ಕೆಳೆದುಕೊಂಡಳು. “ನಮ್ದು ಆಕಿ ಒಯ್ದಾಳ. ಇದು ಆಕಿದು,” ಎಂದಳು, ನನಗಷ್ಟೇ ಕೇಳುವಂತೆ.

ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ. ಬಲು ಚೂಟಿ. “ದೊಡ್ಡವ್ವ, ಆಯಿ ನನಗ ಯಾಕ ಎತ್ಕೊಳ್ಳಂಗಿಲ್ಲ?” ಎಂದು ಕೇಳುತ್ತಾಳೆ. ಅಜ್ಜಿಗೆ ಸೊಂಟ ನೋವು ಎನ್ನುತ್ತೇನೆ. ಹಾಗೆನ್ನುವಾಗ ಅವಳ ಮುಖ ನೋಡುವ ಧೈರ್ಯ ನನಗೂ ಬಂದಿಲ್ಲ.