ಕಪ್ಪು ಕೋಣೆಯ ಕಣ್ಣು

ಬೆಳಗಿನ ಐದೂವರೆ. ಗೋಡೆ, ಮೇಜು, ಬಾಗಿಲು ಎಲ್ಲಕ್ಕೂ ಕಪ್ಪು ಬಳಿದ ಕೋಣೆಯಲ್ಲಿ ಕಪ್ಪು ಅಂಗಿ ತೊಟ್ಟ ಹೆಂಗಸೊಬ್ಬರು ಸುಮ್ಮನೆ ಕೂತಿದ್ದಾರೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ಆಮೇಲಷ್ಟೇ ಎದುರಿನ ಎರಡು ಫೋನುಗಳನ್ನು ಹೊತ್ತಿಸುತ್ತಾರೆ. ಎರಡೂ ಮಧ್ಯಮ ಬೆಲೆಯವು, ನೋಡಲು ಅಕ್ಕತಂಗಿಯರಂತಿವೆ. ಯಾವುದರ ಪರದೆ ಮೇಲು? ಗ್ರಾಹಕರ ಪತ್ರಿಕೆಯೊಂದು ಕೊಡುವ ಅಂಕ ನೋಡಿ ಸಾವಿರಾರು ಜನ ಫೋನು ಕೊಳ್ಳುತ್ತಾರೆ. ಆ ಅಂಕದ ಹಿಂದಿರುವ ಕಣ್ಣು ಇವರದು. ಹೆಸರು ಮಾತ್ರ ಎಲ್ಲೂ ಅಚ್ಚಾಗುವುದಿಲ್ಲ. ಜೊತೆಯವರು ಪ್ರೀತಿಯಿಂದಲೇ ‘ಗೂಬೆಯಕ್ಕ’ ಎನ್ನುತ್ತಾರೆ.

ಹನ್ನೊಂದು ವರ್ಷದಿಂದ ದಿನಕ್ಕೆ ಆರು ಜೋಡಿ, ಜೋಡಿಗೆ ನಲವತ್ತು ಚಿತ್ರ. ಬೆಳಕನ್ನು ಯಂತ್ರ ಅಳೆಯುತ್ತದೆ, ಮೈಬಣ್ಣ ಅದಕ್ಕೇನು ಗೊತ್ತು? ಅದಕ್ಕೆಂದೇ ಅಕ್ಕ ತಮ್ಮ ತಾಯಿಯ ಫೋಟೋ ಇಟ್ಟುಕೊಂಡಿದ್ದಾರೆ. ಕಣ್ಣರಳಿಸಿ ನಗುವ ಮುಖ.

“ಬೇರೆ ಯಾರ ಬಣ್ಣಾನೂ ನಂಗೆ ಇಷ್ಟು ಚೆನ್ನಾಗಿ ಗೊತ್ತಿಲ್ಲ. ಅಮ್ಮ ಹೋದಾಗ ಇದೇ ಕೋಣೇಲಿದ್ದೆ. ನಮ್ಮ ಫೋನ್ ಒಳಗೆ ತರೋ ಹಾಗಿಲ್ವಲ್ಲ, ಸುದ್ದಿ ಗೊತ್ತಾಗಿ ಹೋಗೋಷ್ಟರಲ್ಲಿ ಎಲ್ಲಾ ಮುಗಿದಿತ್ತು. ಕೊನೇ ಸಲ ಮುಖ ನೋಡೋಕಾಗ್ಲಿಲ್ಲ.”

ಕಳೆದ ವಾರ ಎಡಗಡೆಯ ಫೋನಿನಲ್ಲಿ ಆ ಫೋಟೋವನ್ನು ಎಂಟು ಗಂಟೆ ಕಾಲ ಹಾಗೇ ಬಿಟ್ಟು, ಚಿತ್ರದ ಅಚ್ಚು ಪರದೆಯಲ್ಲಿ ಕಲೆಯಾಗಿ ಉಳಿಯುತ್ತದೆಯೇ ಎಂದು ಎರಡೂ ಪರದೆಗಳನ್ನು ಬೂದು ಬಣ್ಣಕ್ಕೆ ತಿರುಗಿಸಿದರು. ಎಡಗಡೆಯದು ಸ್ವಚ್ಛ. ಮುಖ ಮೂಡಿದ್ದು ಬಲಗಡೆಯದರಲ್ಲಿ, ಫೋಟೋವನ್ನು ಇನ್ನೂ ಹಾಕಿಯೇ ಇರದ ಫೋನಿನಲ್ಲಿ. ಫೋಟೋದಲ್ಲಿ ಅರಳಿದ್ದ ಕಣ್ಣು ಇಲ್ಲಿ ಮುಚ್ಚಿತ್ತು.

ಹೊರಗಿನ ಬಿಸಿಲಿನಿಂದ ನೇರ ಒಳಗೆ ಬಂದ ಮೇಲ್ವಿಚಾರಕರಿಗೆ ಏನೂ ಕಾಣಲಿಲ್ಲ. “ಮುಖ ಎಲ್ಲಿದೆ ಅಕ್ಕ? ಇದನ್ನ ಬರೆದ್ರೆ ನಿಮ್ಮ ಕಣ್ಣೇ ಕೆಟ್ಟಿದೆ ಅಂತ ಮನೆಗೆ ಕಳಿಸ್ತಾರೆ. ಕಲೆ ಇಲ್ಲ ಅಂತ ಹಾಕ್ಬಿಡಿ.”

ಅಕ್ಕನಿಗೆ ಐವತ್ತೆರಡು. ಗೊತ್ತಿರುವುದು ಇದೊಂದೇ ಕೆಲಸ. ಆದರೂ ‘ಬಲಗಡೆ: ಕಲೆ ಇದೆ, ಮುಖದ ಆಕಾರ’ ಎಂದೇ ಬರೆದರು. “ಕಂಡಿದ್ದನ್ನ ಕಂಡಿಲ್ಲ ಅಂತ ಇವತ್ತಿನವರೆಗೂ ಬರೆದಿಲ್ಲ.”

ವರದಿಗೆ ಸಹಿ ಹಾಕುವ ಮುನ್ನ ಮೇಲ್ವಿಚಾರಕರು ಮತ್ತೆ ಬಂದರು. ಈ ಸಲ ನಿಯಮದಂತೆ ಇಪ್ಪತ್ತು ನಿಮಿಷ ಕತ್ತಲಲ್ಲಿ ಕೂತರು. ಆಮೇಲೆ ದನಿ ತಗ್ಗಿಸಿ ಕೇಳಿದರು: “ಅಕ್ಕಾ, ನಿಮ್ಮಮ್ಮ ಯಾಕೆ ಕಣ್ಣು ಮುಚ್ಕೊಂಡಿದಾರೆ?” ಮುಚ್ಚಿದ ಕಣ್ಣಿನ ವಿಷಯ ಅಕ್ಕ ಯಾರಿಗೂ ಹೇಳಿರಲಿಲ್ಲ.

ಅಕ್ಕನ ಕೆಲಸ ಹೋಗಲಿಲ್ಲ. ಆದರೆ ಪರೀಕ್ಷೆ ಮುಗಿದ ಫೋನನ್ನು ಪುಡಿ ಮಾಡುವುದು ಇಲ್ಲಿಯ ಕಟ್ಟಳೆ. ಇವತ್ತು ಬಲಗಡೆಯದರ ಸರದಿ.

“ಇಟ್ಕೋತೀನಿ ಅನ್ನಲ್ಲ,” ಎನ್ನುತ್ತಾ ಅಕ್ಕ ದೀಪ ಆರಿಸುತ್ತಾರೆ. “ಪುಡಿ ಮಾಡೋಕೆ ಮುಂಚೆ ಸ್ವಲ್ಪ ಹೊತ್ತು ಕೊಟ್ರೆ ಸಾಕು. ಅವತ್ತು ನೋಡೋಕಾಗ್ಲಿಲ್ವಲ್ಲ.”