ಉಜ್ಜಪ್ಪ ಅಳಿಸಿದ ನಂಬರು

ಉಜ್ಜಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಅವನೇ ದುಡಿದು ಸಂಪಾದಿಸಿದ್ದು. ಕಾರುಗಳ ಡೊಂಕು ತಿದ್ದುವ ಶೆಡ್ಡಿನಲ್ಲಿ ಒಂಬತ್ತು ವರ್ಷ ತಗಡು ಉಜ್ಜಿದವನು. ಕೊಳೆ ಕಂಡರೆ ಕೈ ತಾನಾಗಿ ಹೋಗುತ್ತಿತ್ತು. "ದೇವ್ರು ತಲೆಗೆ ಕೊಡಬೇಕಾದ ಚುರುಕನ್ನ ಅಂಗೈಗೆ ಕೊಟ್ಟುಬಿಟ್ಟ" ಎಂದು ಹೆಂಡತಿ ಹೇಳುವ ಮೊದಲೇ ತಾನೇ ಹೇಳಿಕೊಂಡು ನಗುತ್ತಿದ್ದ.

ಮೂವತ್ತು ತುಂಬುವಷ್ಟರಲ್ಲಿ ಕಾರಿನಿಂದ ವಿಮಾನಕ್ಕೆ ಬಡ್ತಿ ಸಿಕ್ಕಿತು. ಹೂತುಹೋದ ಯುದ್ಧವಿಮಾನಗಳನ್ನು ಎತ್ತಿ, ಹೊಸದು ಮಾಡಿ ಮಾರುವ ಯಜಮಾನರು ಅವನನ್ನು ಕರೆಸಿಕೊಂಡರು. ಆ ವರ್ಷ ಊರಾಚೆಯ ಜೌಗಿನಿಂದ ಒಂದು ವಿಮಾನದ ಬಾಲ, ರೆಕ್ಕೆ, ಬೆನ್ನು ಬಂದಿದ್ದವು. ಪೈಲಟ್ ಕೂರುವ ಮೂತಿ ಮಾತ್ರ ಇನ್ನೂ ಇಪ್ಪತ್ತು ಅಡಿ ಕೆಳಗೆ ಕೆಸರಿನಲ್ಲಿತ್ತು. ಯಜಮಾನರಿಗೆ ಅದು ಬೇಡ, ಬೇರೊಂದು ವಿಮಾನದ ಮೂತಿ ಆಗಲೇ ಗೋದಾಮಿನಲ್ಲಿತ್ತು.

ತಕರಾರು ಇದ್ದದ್ದು ಆ ಕೆಸರಿನಲ್ಲೇ. ಯುದ್ಧದ ಕೊನೆಯ ವಾರ ಆ ಜೌಗಿಗೆ ಎರಡು ವಿಮಾನ ಬಿದ್ದಿದ್ದವು. ಒಂದರ ಪೈಲಟ್ ಪ್ಯಾರಾಚೂಟ್ ಬಿಚ್ಚಿ ಇಳಿದು, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು ಸತ್ತ. ಇನ್ನೊಬ್ಬ ಸಿಗಲೇ ಇಲ್ಲ. ಎತ್ತಿದ್ದು ಮೊದಲನೆಯದಾದರೆ ಯಜಮಾನರ ಸ್ವತ್ತು. ಎರಡನೆಯದಾದರೆ ಅದು ಸಮಾಧಿ. ಸರ್ಕಾರ ವಶಕ್ಕೆ ತಗೊಂಡು, ಮೂತಿ ಅಗೆದು, ಒಳಗಿದ್ದವನನ್ನು ಹೊರತೆಗೆಯಬೇಕು. ಯಾವುದೆಂದು ಹೇಳುವುದು ಬಾಲದ ಮೇಲಿನ ನಂಬರು.

ವಿಮಾನದ ಶೆಡ್ಡಿನ ನಿಯಮ ಸರಳವಾಗಿತ್ತು: ಬರೀ ನೀರು ಬಿಡು, ಫೋಟೋ ತೆಗಿ, ಆಮೇಲೆ ಮುಟ್ಟು. ಸೋಮವಾರ ಉಜ್ಜಪ್ಪ ನಿಯತ್ತು ತೋರಿಸಲು ಒಂದು ಗಂಟೆ ಮುಂಚೆ ಬಂದ. ಬಾಲದ ಮೇಲೆ ಕಪ್ಪು ಕೆಸರು. ಕೈ ತಗಡು ಉಜ್ಜುವ ಎಮರಿ ಪೇಪರ್ ಹಿಡಿಯಿತು. ನೆನೆದ ಬಣ್ಣ ಹಾಲಿನ ಕೆನೆಯಂತೆ ಜಾರಿತು. ಜಾರುವಾಗ ಕೊನೆಯ ಎರಡು ಅಂಕಿ ಕಂಡವು: ಏಳು, ಒಂದು. ರಸ್ತೆಯ ಮೇಲೆ ಹೋಗುವ ಪ್ರತಿ ಕಾರಿನ ನಂಬರನ್ನೂ ಓದುವ ಚಾಳಿಯಿಂದ ಓದಿದ. ಕೈ ನಿಲ್ಲುವ ಹೊತ್ತಿಗೆ ತಗಡು ಕನ್ನಡಿಯಾಗಿತ್ತು, ಅದರಲ್ಲಿ ಒಬ್ಬ ಪೆದ್ದನ ಮುಖವಿತ್ತು.

ಯಜಮಾನರು ಬೈಯಲಿಲ್ಲ. "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ನೋಡಯ್ಯ. ನೀನೇನೂ ಕಂಡಿಲ್ಲ, ಅಲ್ವಾ?"

ಆ ವಾರವೇ ಸಿಗದ ಪೈಲಟನ ತಂಗಿ ಬಂದರು. ಅಣ್ಣ ಹೋದಾಗ ಆರು ವರ್ಷದವರು, ಈಗ ಕೋಲು ಹಿಡಿದ ಅಜ್ಜಿ. ಕೈಯಲ್ಲಿ ಅವನ ಕೊನೆಯ ಪತ್ರ. "ವಿಮಾನದ ನಂಬರಿನ ಕೊನೇಲಿ ಏಳು, ಒಂದು ಇರುತ್ತೆ ಅಂತ ಬರೆದಿದಾನಪ್ಪ. ಇದೆಯಾ ನೋಡಿ."

"ಬಣ್ಣ ಎಲ್ಲಾ ಕೊಳೆತುಹೋಗಿದೆಯಮ್ಮ" ಎಂದರು ಯಜಮಾನರು. ಉಜ್ಜಪ್ಪ ತನ್ನ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡಿದ.

ಮನೆಯಲ್ಲಿ ಬಾಯಿಬಿಟ್ಟಾಗ ಹೆಂಡತಿ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು. "ನಾಲಿಗೆಗೂ ಅದೇ ಪೇಪರ್ ಹಾಕಿ ಉಜ್ಜಿಕೊಂಡಿದ್ರಾ?"

ನಂಬರಿಲ್ಲದ್ದರಿಂದ ವಿಮಾನ ಯಜಮಾನರದೇ ಎಂದಾಗಿ, ಮೂರು ವಾರಕ್ಕೆ ಜೌಗಿನ ಗುಂಡಿ ಮುಚ್ಚುವ ಸರ್ಕಾರಿ ಆದೇಶ ಬಂತು. ಆಗ ಧೈರ್ಯ ಬಂತು, ಎಂದಿನಂತೆ ತಡವಾಗಿ. ಆದೇಶ ಕೊಟ್ಟ ಅಧಿಕಾರಿಯ ಮುಂದೆ ನಿಂತು ಎಲ್ಲ ಹೇಳಿದ. "ಫೋಟೋ ಇದೆಯಾ?" ಎಂದರು ಅವರು. ಇರಲಿಲ್ಲ. ಯಜಮಾನರಿಗೆ ಸುದ್ದಿ ಮುಟ್ಟಿತು, ಕೆಲಸದಿಂದ ತೆಗೆಯಲೂ ಇಲ್ಲ. "ಹೇಳ್ಕೋ ಹೋಗಯ್ಯ, ಯಾರು ನಂಬ್ತಾರೆ?"

ಅಜ್ಜಿಯ ಮನೆಗೆ ಹೋದ. ಅವರು ನೀರು ಕೊಟ್ಟು, ಎಲ್ಲವನ್ನೂ ಕೇಳಿ, ಮೆಲ್ಲಗೆ ನಕ್ಕರು.

"ನಾನು ಕೊಟ್ಟ ನಂಬರನ್ನೇ ನನಗೆ ವಾಪಸ್ ಕೊಡ್ತಿದೀಯಲ್ಲ ಮಗಾ. ಒಬ್ಬರು ಅವನನ್ನ ಆಸ್ಪತ್ರೇಲಿ ನೋಡಿದೆ ಅಂದ್ರು. ಇನ್ನೊಬ್ಬರು ಪರದೇಶದಲ್ಲಿ ಮದುವೆ ಮಾಡಿಸಿಬಿಟ್ರು. ಎಲ್ಲಾ ನಿನ್ನ ಹಾಗೇ ಒಳ್ಳೆಯವರು. ನನಗೆ ಸಾಕಾಗಿದೆ."

ಜೀವನದಲ್ಲಿ ಮೊದಲ ಸಲ ಯಾರೋ ಉಜ್ಜಪ್ಪನನ್ನು ಒಳ್ಳೆಯವನೆಂದಿದ್ದರು, ಅದೂ ಸುಳ್ಳುಗಾರನೆಂಬ ಅರ್ಥದಲ್ಲಿ.

ಗುರುವಾರ ಲಾರಿಗಳು ಬಂದವು. ಜೌಗಿನ ಅಂಚಿನಲ್ಲಿ ಯಾರೋ ಅಜ್ಜಿಗೆ ಕುರ್ಚಿ ಹಾಕಿದ್ದರು. ಉಜ್ಜಪ್ಪ ದೂರವೇ ನಿಂತಿದ್ದ, ಅವರೇ ಕೈಮಾಡಿ ಕರೆದರು. ಮೊದಲ ಲಾರಿ ಮಣ್ಣು ಸುರಿದು ಹೋಯಿತು.

"ಅಂಕಿ ಕಂಡೆ ಅಂದ್ಯಲ್ಲ. ಯಾವ ಬಣ್ಣದಲ್ಲಿತ್ತು?"

ಅವನು ಕಣ್ಣು ಮುಚ್ಚಿ ಯೋಚಿಸಿದ. ಬಿಳಿ ಎನ್ನಬಹುದಿತ್ತು, ಹಳದಿ ಎನ್ನಬಹುದಿತ್ತು. "ಗೊತ್ತಿಲ್ಲ ಅಜ್ಜಿ. ಕೆಸರು ಮೆತ್ತಿತ್ತು, ಎಲ್ಲಾ ಒಂದೇ ಥರ ಇತ್ತು. ಒಂದು ಅನ್ನೋ ಅಂಕಿಯ ಕಾಲು ಮಾತ್ರ ಸ್ವಲ್ಪ ಸೊಟ್ಟಗಿತ್ತು."

ಅಜ್ಜಿ ಅವನನ್ನೇ ನೋಡಿದರು. ಇಷ್ಟು ವರ್ಷ ಬಂದ ಒಳ್ಳೆಯವರಲ್ಲಿ ಒಬ್ಬರೂ ಗೊತ್ತಿಲ್ಲ ಎಂದಿರಲಿಲ್ಲ. ಎಲ್ಲರಿಗೂ ಎಲ್ಲ ಗೊತ್ತಿತ್ತು: ಅಂಗಿಯ ಗುಂಡಿ, ಹೆಂಡತಿಯ ಹೆಸರು, ಮಕ್ಕಳೆಷ್ಟು ಎಂಬುದು ಕೂಡ.

ಕೋಲೂರಿ ಎದ್ದರು. "ನೀನು ಕಂಡಿದೀಯ... ಅವನು ಕೆಳಗಿದಾನೆ. ನಿಲ್ಸೋ! ಓಡು!"

ಉಜ್ಜಪ್ಪ ಕೆಸರಿನಲ್ಲಿ ಬಿದ್ದು ಎದ್ದು ಓಡಿ, ಎರಡನೇ ಲಾರಿಯ ಬಾಗಿಲು ಬಡಿದ. ಡ್ರೈವರ್ ತಲೆ ಹೊರಹಾಕಿದ.

"ಯಾರು ಹೇಳಿದ್ದು ನಿಲ್ಸೋಕೆ? ಯಜಮಾನ್ರಾ?"

"ಇಲ್ಲ, ನಾನು."

"ನೀನ್ಯಾರಪ್ಪ?" ಎಂದು ಡ್ರೈವರ್ ಮಣ್ಣು ಇಳಿಸಿದ.