ಏಳನೇ ಗ್ರೀನ್ ಕೊಳೆತ ವಾರ

1998ರ ಮೇ ತಿಂಗಳು. ಹುಳಿಮಾವಿನಿಂದ ಸ್ವಲ್ಪ ಮುಂದಿದ್ದ ಒಂದು ಖಾಸಗಿ ಕ್ಲಬ್ಬಿನ ಗಾಲ್ಫ್ ಕೋರ್ಸಿಗೆ ನಾನು ಸೂಪರಿಂಟೆಂಡೆಂಟ್. ಹೆಸರು ದೊಡ್ಡದು, ಕೆಲಸ ಹುಲ್ಲು ಕಾಯುವುದು. ಕೃಷಿ ಪದವಿ ಓದಿದ ಮಗ ಎಮ್ಮೆ ಇಲ್ಲದೆ ಹುಲ್ಲು ಬೆಳೆಸುತ್ತಾನೆ ಎಂದು ಜಯನಗರದ ನಮ್ಮ ಮನೆಯಲ್ಲಿ ಆಡಿಕೊಳ್ಳುತ್ತಿದ್ದರು.

ಗ್ರೀನ್ ಎಂದರೆ ಚೆಂಡು ಬೀಳುವ ಕುಳಿಯ ಸುತ್ತ ತೀರ ಗಿಡ್ಡಗೆ ಕತ್ತರಿಸಿದ ಹುಲ್ಲು. ನಮ್ಮದು ಬರ್ಮುಡಾ ತಳಿ, ಎತ್ತರ ನಾಲ್ಕು ಮಿಲಿಮೀಟರ್. ಬರಿಯ ಬಿಸಿಲಿಗೆ ಅದು ಜಗ್ಗುವುದಿಲ್ಲ. ಹಗಲೆಲ್ಲ ಸೆಕೆ, ಸಂಜೆ ಮಳೆ, ಬೆಳಗಾದರೂ ಒಣಗದ ಎಲೆ, ಇವು ಮೂರೂ ಸೇರಿದರೆ ಪಿಥಿಯಂ ಎಂಬ ಶಿಲೀಂಧ್ರ ಬಂದು ಎರಡೇ ದಿನದಲ್ಲಿ ಕೊಳೆಸಿಬಿಡುತ್ತದೆ.

ಗ್ರೀನ್‌ಗಳನ್ನು ನೋಡಿಕೊಳ್ಳುತ್ತಿದ್ದವರು ಮುನಿಯಪ್ಪ. ಹುಳಿಮಾವಿನವರೇ, ಐವತ್ತು ದಾಟಿದವರು. ಕೆರೆಯ ಕೆಳಗಿದ್ದ ಅವರ ಗದ್ದೆ ಲೇಔಟ್ ಆಗಿ ವರ್ಷಗಳಾಗಿದ್ದವು. ನಾಲ್ಕು ವರ್ಷದಿಂದ ದಿನಗೂಲಿಯಲ್ಲಿದ್ದ ಅವರ ಕೆಲಸ ಆ ಜೂನ್‌ನಲ್ಲಿ ಖಾಯಂ ಆಗುವುದಿತ್ತು. ಬೆಳಿಗ್ಗೆ ಬಂದೊಡನೆ ಇನ್ನೊಬ್ಬ ಕೆಲಸಗಾರನ ಜೊತೆ ಉದ್ದನೆಯ ಹಗ್ಗವನ್ನು ಎರಡು ತುದಿಯಲ್ಲಿ ಹಿಡಿದು ಗ್ರೀನ್ ಮೇಲೆ ಎಳೆದು ಇಬ್ಬನಿ ಉದುರಿಸುತ್ತಿದ್ದರು. ಭತ್ತದ ಸಸಿಮಡಿಗೆ ಹೀಗೆ ಮಾಡಿ ರೂಢಿಯಂತೆ. ಎಲೆ ಒಣಗಿದ ಮೇಲೆಯೇ ಕತ್ತರಿಸುವ ಯಂತ್ರ ಇಳಿಯುತ್ತಿತ್ತು.

ಆ ಭಾನುವಾರ ಸದಸ್ಯರ ಟೂರ್ನಮೆಂಟ್. ಚೆಂಡು ವೇಗವಾಗಿ ಉರುಳಬೇಕೆಂದು ಕಮಿಟಿ ಕೇಳಿತು. ನಾನು ಎತ್ತರವನ್ನು ಮೂರು ಮಿಲಿಮೀಟರ್‌ಗೆ ಇಳಿಸಿದೆ. ಆರು ಗಂಟೆಗೆಲ್ಲ ಅಭ್ಯಾಸಕ್ಕೆ ಬರುವ ಸದಸ್ಯರ ಎದುರು ಹಗ್ಗ ಎಳೆಯುವುದು ಚೆನ್ನಾಗಿ ಕಾಣುವುದಿಲ್ಲ, ಸಮಯವೂ ದಂಡ ಎಂದು ಅದನ್ನು ನಿಲ್ಲಿಸಿದೆ. ಹಗ್ಗ ನಿಲ್ಲಿಸುವುದು ಬೇಡ ಎಂದು ಮುನಿಯಪ್ಪ ಒಮ್ಮೆ ಹೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕರೆಂಟ್ ಕೈಕೊಟ್ಟು, ಬೆಳಿಗ್ಗೆ ಓಡಬೇಕಿದ್ದ ಪಂಪ್ ಎರಡು ದಿನ ಸಂಜೆ ಓಡಿತು. ಮುನಿಯಪ್ಪ ಆ ಹೊತ್ತಿಗೇ ನೀರು ಬಿಟ್ಟರು. ಅದೂ ನನಗೆ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಏಳನೇ ಗ್ರೀನ್ ಮೇಲೆ ಹತ್ತಿಯ ಎಳೆಯಂಥ ಬಿಳಿ ದಾರಗಳು ಕಂಡವು. ಹತ್ತು ಗಂಟೆಗೆ ಹುಲ್ಲು ಕಂದು ಬಣ್ಣಕ್ಕೆ ತಿರುಗಿ ಕೈಗೆ ಜಾರುತ್ತಿತ್ತು. ರೋಗ ಸಾಲು ಸಾಲಾಗಿ ಹರಡಿತ್ತು. ಒಂದೊಂದು ಸಾಲೂ ಸರಿಯಾಗಿ ಯಂತ್ರದಷ್ಟೇ ಅಗಲ. ಒದ್ದೆ ಹುಲ್ಲನ್ನು ಕತ್ತರಿಸಿ ಯಂತ್ರವೇ ರೋಗವನ್ನು ಹೊತ್ತು ತಿರುಗಿದೆ ಎಂದು ನನಗೆ ಒಂದೇ ನಿಮಿಷದಲ್ಲಿ ಗೊತ್ತಾಯಿತು.

ಟೂರ್ನಮೆಂಟ್ ರದ್ದಾಯಿತು. ಕಾರಣವನ್ನು ನಾಲ್ಕು ಗಂಟೆಯೊಳಗೆ ಬರೆದುಕೊಡಿ ಎಂದರು ಕಾರ್ಯದರ್ಶಿ. ಸಿಬ್ಬಂದಿ ಸಂಜೆ ನೀರು ಹಾಯಿಸಿದ್ದರಿಂದ ರೋಗ ಬಂದಿದೆ ಎಂದು ನಾನು ಇಂಗ್ಲಿಷಿನಲ್ಲಿ ಬರೆದೆ. ಸುಳ್ಳು ಎನ್ನುವ ಹಾಗಿರಲಿಲ್ಲ. ಎತ್ತರದ ಮಾತಿಲ್ಲ, ಹಗ್ಗದ ಮಾತಿಲ್ಲ. ಕೆಳಗೆ ಕೆಲಸದವರ ಸಹಿಯೂ ಬೇಕಿತ್ತು. ಮುನಿಯಪ್ಪನವರಿಗೆ ಇಂಗ್ಲಿಷ್ ಬಾರದು. ಏನು ಬರೆದಿದೆ ಎಂದು ಕೇಳಿದರು. ಸಂಜೆ ನೀರಿನ ವಿಷಯ ಎಂದೆ.

"ನೀರ್ ಬಿಟ್ಟಿದ್ದು ನಾನೇ ಸಾರ್, ಇಲ್ಲ ಅನ್ನಲ್ಲ. ಹಗ್ಗ ಬೇಡ ಅಂದಿದ್ದು ನೀವು. ಅದ್ನೂ ಬರ್ದಿದೀರಾ?"

"ಬರ್ದಿದೀನಿ," ಎಂದೆ.

ಅವರು ಕನ್ನಡದಲ್ಲಿ ನಿಧಾನವಾಗಿ ಸಹಿ ಹಾಕಿದರು. ನನಗೆ ಏನೂ ಅನ್ನಿಸಲಿಲ್ಲ. ಮನೆಗೆ ಹೋಗುವಾಗ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಇಳಿದು, ಹೆಂಡತಿ ಹೇಳಿದ್ದ ಹುರುಳಿಕಾಯಿಯನ್ನು ಆರಿಸಿ ಆರಿಸಿ ತೆಗೆದುಕೊಂಡದ್ದು ನೆನಪಿದೆ. ಸೋಮವಾರದಿಂದ ಬರಬೇಡಿ ಎಂದು ಮರುದಿನ ಆಫೀಸಿನವರು ಮುನಿಯಪ್ಪನವರಿಗೆ ಹೇಳಿದರು. ನಾನು ಅಲ್ಲಿಯೇ ನಿಂತಿದ್ದೆ.

ಮುಂದಿನದು ಸುಲಭದ ಕೆಲಸ. ಶಿಲೀಂಧ್ರನಾಶಕ ಹೊಡೆಸಿದೆ, ಎತ್ತರವನ್ನು ಐದು ಮಿಲಿಮೀಟರ್‌ಗೆ ಏರಿಸಿದೆ, ಹೊಸಬರ ಕೈಲಿ ಮತ್ತೆ ಹಗ್ಗ ಎಳೆಸಿದೆ. ಆರು ವಾರಕ್ಕೆ ಗ್ರೀನ್ ಮೊದಲಿನಂತಾಯಿತು. ಕಮಿಟಿ ನನಗೆ ಮೆಚ್ಚುಗೆಯ ಪತ್ರ ಕೊಟ್ಟಿತು. ಅದನ್ನು ಫೈಲಿಗೆ ಹಾಕಿದೆ.

2005ರಲ್ಲಿ ಕೋಣನಕುಂಟೆಯ ಒಂದು ನರ್ಸರಿಗೆ ಗುಲಾಬಿ ಗಿಡ ಕೊಳ್ಳಲು ಹೋಗಿದ್ದೆ. ಅಲ್ಲಿ ಕುಂಡಗಳಿಗೆ ಮಣ್ಣು ತುಂಬುತ್ತಿದ್ದವರು ಮುನಿಯಪ್ಪ. ಅವರೇ ಮೊದಲು ಗುರುತು ಹಿಡಿದು, ಕೈ ಒರೆಸಿಕೊಂಡು ಬಂದು, ಮಾಲೀಕರಿಗೆ ನನ್ನ ಪರಿಚಯ ಮಾಡಿಕೊಟ್ಟರು.

"ಇವ್ರೇ ನಮ್ ಸಾರ್. ತಮ್ಮ ತಪ್ಪನ್ನೂ ರಿಪೋರ್ಟಲ್ಲಿ ಬರ್ದೋರು. ಆಫೀಸ್ನೋರು ಕೇಳ್ಲಿಲ್ಲ, ಇವ್ರೇನ್ ಮಾಡ್ತಾರೆ?"

ಚೆನ್ನಾಗಿ ಬೇರು ಬಿಟ್ಟ ಎರಡು ಗಿಡಗಳನ್ನು ಅವರೇ ಆರಿಸಿ ಸ್ಕೂಟರಿನ ಮುಂದೆ ಇಟ್ಟುಕೊಟ್ಟರು.

ಹುಲ್ಲಿಗೆ ರೋಗ ಬಂದರೆ ಕೆಲಸದವರನ್ನು ಕೇಳುವ ಮೊದಲು ಹಿಂದಿನ ಹತ್ತು ದಿನ ನೀವೇ ಕೊಟ್ಟ ಆದೇಶಗಳನ್ನು ನೋಡಿ. ಈ ಕೆಲಸ ನನಗೆ ಕಲಿಸಿದ್ದು ಇದನ್ನು. ನಿವೃತ್ತನಾಗುವವರೆಗೂ ನನ್ನ ಕೈಕೆಳಗೆ ಬಂದ ಪ್ರತಿಯೊಬ್ಬರಿಗೂ ಹೇಳಿದ್ದೇನೆ. ಹೇಳಲೇಬೇಕಾಗಿದ್ದ ಒಬ್ಬರು ಅಂದು ನರ್ಸರಿಯಲ್ಲಿ ಎದುರಿಗೇ ನಿಂತಿದ್ದರು. ನಾನು ಅವರ ಮಾತಿಗೆ ಹೌದೆಂದು ತಲೆಯಾಡಿಸಿ ಸ್ಕೂಟರ್ ಹತ್ತಿದೆ.